ಹೆಸರಿಗೊಬ್ಬ ಇಂಜಿನಿಯರ್

ನಮ್ಮೂರಲ್ಲಿ ಇಂಜಿನಿಯರ್ ಎನ್ನುವುದು ಹುದ್ದೆಯಲ್ಲ, ಹೆಸರು. ಕಾಲುವೆ ತೋಡಿದ ವರ್ಷ ಪಟ್ಟಣದಿಂದ ಚರ್ಮದ ಚೀಲ ಹೆಗಲಿಗೇರಿಸಿಕೊಂಡು ಒಬ್ಬ ಮನುಷ್ಯ ಬಂದಿದ್ದನಂತೆ. ಅವನು ಕುದುರೆಯಿಂದ ಇಳಿಯುವಾಗ ಸಾಮೂಹಿಕ ಫಾರ್ಮಿನ ಅಧ್ಯಕ್ಷರೇ ಲಗಾಮು ಹಿಡಿದು ನಿಂತಿದ್ದರು. ಅವನ ಊಟಕ್ಕೆಂದು ಹಿಂಡಿನ ಒಳ್ಳೆಯ ಕುರಿಯನ್ನೇ ಕಡಿದರು. ಕುರಿ ಕಳೆದುಕೊಂಡ ಕುರಿಗಾಹಿ ಇವನ್ಯಾರು ಎಂದು ಕೇಳಿದ. ಇಂಜಿನಿಯರ್ ಎಂದರು. ಅದೇ ವಾರ ಕುರಿಗಾಹಿಗೆ ಗಂಡು ಮಗು ಹುಟ್ಟಿತು. ಇಂಜಿನಿಯರ್‌ಬೆಕ್ ಎಂದು ಹೆಸರಿಟ್ಟ. ಶಾಲೆಯ ಮೆಟ್ಟಿಲು ಹತ್ತಿಸದೆ ಮಗನನ್ನು ಇಂಜಿನಿಯರ್ ಮಾಡಿದ ಮೊದಲ ತಂದೆ ಅವನೇ ಇರಬೇಕು.

ಆ ಕಾಲದ ಕಿರ್ಗಿಜ್ ಊರುಗಳಲ್ಲಿ ಇದು ವಿಶೇಷವೇನಲ್ಲ. ಕೆಳಗಿನ ಬೀದಿಯಲ್ಲಿ ಟ್ರ್ಯಾಕ್ಟರ್ ಎಂಬ ಮುದುಕರಿದ್ದರು, ಕೊನೆಯವರೆಗೂ ಕತ್ತೆಯ ಮೇಲೇ ಓಡಾಡಿದರು. ಪ್ರೊಕುರೋರ್, ಅಂದರೆ ಸರ್ಕಾರಿ ವಕೀಲ, ಎಂಬ ಹೆಸರಿನವನು ಕೋರ್ಟಿಗೇನೋ ಹೋದ, ಆದರೆ ಕುರಿ ಕದ್ದವರು ನಿಲ್ಲುವ ಜಾಗದಲ್ಲಿ ನಿಂತ. ಇವರಿಗೆ ಹೋಲಿಸಿದರೆ ಇಂಜಿನಿಯರ್‌ಬೆಕ್ ಹೆಸರು ಉಳಿಸಿಕೊಂಡವರೇ. ಫಾರ್ಮಿನ ಗೋದಾಮಿನಲ್ಲಿ ಬೋಲ್ಟು ನಟ್ಟು ಎಣಿಸಿ ನಿವೃತ್ತರಾದರು. ಆದರೂ ಒಲೆಯ ಹೊಗೆ ಒಳಕ್ಕೆ ಬಂದರೆ, ಗೋಡೆ ವಾಲಿದರೆ, ಬಾವಿ ಎಲ್ಲಿ ತೋಡಬೇಕು ಎಂಬ ಪ್ರಶ್ನೆ ಬಂದರೆ, ಊರವರು ಬಂದು ಕೇಳುತ್ತಿದ್ದದ್ದು ಇಂಜಿನಿಯರ್ ಬೈಕೆಯನ್ನೇ. ಬೈಕೆ ಎಂದರೆ ಅಣ್ಣ. ಅಣ್ಣ ಗಡ್ಡ ನೀವಿಕೊಂಡು ಒಂದು ಕಡೆ ಬೆರಳು ತೋರಿಸುತ್ತಿದ್ದರು. ಹೊಗೆ ಹೋದರೆ ಅವರ ಹೆಸರು, ಹೋಗದಿದ್ದರೆ ಒಲೆಯ ಹಣೆಬರಹ.

ಇಂಥ ಮನೆಗೆ ಬೇಗಿಮಾಯ್ ಸೊಸೆಯಾಗಿ ಬಂದಳು. ರಾಜಧಾನಿಯಲ್ಲಿ ಐದು ವರ್ಷ ಓದಿ, ಜಿಲ್ಲೆಯ ನೀರಾವರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವಳು. ಹುದ್ದೆ, ಇಂಜಿನಿಯರ್.

ಮದುವೆಯ ದಿನವೇ ಅತ್ತೆ ಕಲಿಪಾ ಅವಳ ತಲೆಗೆ ಬಿಳಿ ಬಟ್ಟೆ ಕಟ್ಟುತ್ತ ಕಿವಿಯಲ್ಲಿ ಹೇಳಿದರು: ನಮ್ಮ ಕಡೆ ಸೊಸೆ ಮಾವನ ಹೆಸರೆತ್ತಬಾರದು, ಅದರ ಹತ್ತಿರದ ಮಾತೂ ಆಡಬಾರದು. ಬೇಗಿಮಾಯ್‌ಗೆ ಈ ರಿವಾಜು ಹೊಸದಲ್ಲ. ತವರಿನ ಪಕ್ಕದ ಮನೆಯಲ್ಲಿ ಮಾವನ ಹೆಸರು ತೆಮಿರ್, ಅಂದರೆ ಕಬ್ಬಿಣ. ಅಲ್ಲಿಯ ಸೊಸೆ ಮೊಳೆಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲಕ್ಕೂ 'ಕರೀದು' ಎನ್ನುತ್ತಾಳೆ. ಬೇಗಿಮಾಯ್ ತಲೆಯಾಡಿಸಿದಳು. ತಾನೇನನ್ನು ಒಪ್ಪಿಕೊಂಡೆ ಎನ್ನುವುದು ಆಮೇಲೆ ತಿಳಿಯಿತು.

ಮೊದಲ ವಾರ ಅತ್ತೆಯ ಅಕ್ಕಂದಿರು ನೋಡಲು ಬಂದಿದ್ದರು. ಏನು ಕೆಲಸ ಮಾಡ್ತೀಯಮ್ಮ ಎಂದು ಕೇಳಿದರು. ಬೇಗಿಮಾಯ್ ಬಾಯಿ ತೆರೆದಳು, ಅತ್ತೆಯ ಮುಖ ನೋಡಿದಳು, ಬಾಯಿ ಮುಚ್ಚಿದಳು. ಕೊನೆಗೆ, ಕಚೇರಿಯಲ್ಲಿ ಎಲ್ಲರಿಗೂ ನೀರು ಕೊಡೋ ಕೆಲಸ ಎಂದಳು. ಹೊಲಗಳಿಗೆ ಎನ್ನುವುದು ಅವಳ ಮನಸ್ಸಿನಲ್ಲಿತ್ತು. ಅಕ್ಕಂದಿರು ಪರಸ್ಪರ ನೋಡಿಕೊಂಡರು. ಪಾಪ, ಐದು ವರ್ಷ ಓದಿ ಸಾಹೇಬರಿಗೆ ನೀರು ಕೊಡ್ತಾಳೆ ಎಂಬ ಸುದ್ದಿ ಸಂಜೆಯೊಳಗೆ ಊರು ಸುತ್ತಿತು.

ಆಮೇಲೆ ಅವಳು 'ಅಳತೆಯವರು' ಎಂಬ ಮಾತು ಕಂಡುಕೊಂಡಳು. ಇಂಜಿನಿಯರ್ ಎನ್ನಬೇಕಾದ ಕಡೆಯೆಲ್ಲ, ಹುದ್ದೆಗಾಗಲಿ ಮಾವನಿಗಾಗಲಿ, ಅದೇ. ಗಂಡ ರಿಸ್‌ಬೆಕ್‌ನ ಹಳೆಯ ಕಾರು ನಿಂತಾಗ ಇಂಜಿನ್ ಎನ್ನುವಂತಿಲ್ಲ. ಕಾರಿನ ಹೊಟ್ಟೆ ಕೆಟ್ಟಿದೆ ಎಂದಳು. ರಿಸ್‌ಬೆಕ್ ನಗುತ್ತ, ಜೀರಿಗೆ ಕಷಾಯ ಹಾಕು ಎಂದ. ಅವನದು ಹೆದ್ದಾರಿಯ ಪಕ್ಕ ಟೈರ್ ರಿಪೇರಿ ಅಂಗಡಿ. ಹೆಂಡತಿಯ ಸಂಬಳಕ್ಕಿಂತ ಚೆನ್ನಾಗಿ ಬರುತ್ತಿತ್ತು. ಅದನ್ನು ಅವನು ಹೇಳುತ್ತಿರಲಿಲ್ಲ, ಅವನ ಅಮ್ಮ ಹೇಳುತ್ತಿದ್ದರು. ಅಂಗಡಿಯ ಪಕ್ಕ ಚಹಾದ ಗೂಡು ಹಾಕಿ ಸೊಸೆಯನ್ನು ಕೂರಿಸಬೇಕು, ಲಾರಿಯವರು ಟೈರ್ ಬಿಚ್ಚಿಸುವಾಗ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೂರ್ಸೋಕ್ ತಿಂದು ಹೋಗಲಿ ಎಂಬುದು ಕಲಿಪಾ ಕಂಡ ಕನಸು. ಸೊಸೆ ಕರಿಯುವ ಬೂರ್ಸೋಕ್ ನಿಜಕ್ಕೂ ಚೆನ್ನಾಗಿರುತ್ತಿತ್ತು, ಅವಳ ದುರದೃಷ್ಟ.

"ಆ ಕಚೇರೀಲಿ ಏನಿದೆ ಅಂತ?" ಎಂದು ಹಿಟ್ಟು ನಾದುತ್ತ ಕಲಿಪಾ ಕೇಳುತ್ತಿದ್ದರು. "ಡಾಕ್ಟ್ರಾದ್ರೆ ಜನ ಕೋಳಿ ತಂದುಕೊಡ್ತಾರೆ. ಕಸ್ಟಮ್ಸಿನವನಾದ್ರೆ ಕುದುರೇನೇ ಕೊಡ್ತಾರೆ. ನಿನಗೆ ಯಾರಾದ್ರೂ ಒಂದು ಮೊಟ್ಟೆ ಕೊಟ್ಟಿದ್ದಾರಾ?"

ಬೇಗಿಮಾಯ್ ಇಲ್ಲ ಎಂದು ಒಪ್ಪಿಕೊಳ್ಳುತ್ತಿದ್ದಳು. ಅದು ನಾದಿನಿ ಜಿಬೆಕ್ ಶಾಲೆ ಮುಗಿಸುವ ವರ್ಷ. ಅವಳು ಆಗಲೇ ಹಲ್ಲಿನ ಡಾಕ್ಟರಾಗುವುದೆಂದು ನಿರ್ಧರಿಸಿದ್ದಳು. ಹಲ್ಲು ಎಲ್ಲರ ಬಾಯಲ್ಲೂ ಇರುತ್ತದೆ, ಕಾಲುವೆ ಯಾರ ಬಾಯಲ್ಲೂ ಇರುವುದಿಲ್ಲ ಎನ್ನುತ್ತಿದ್ದಳು. ಮಾವ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಮನೆಗೊಬ್ಬ ಇಂಜಿನಿಯರ್ ಸಾಕು ಎಂದು ತಮ್ಮ ಎದೆ ತಟ್ಟಿಕೊಂಡರು.

ಹಿಮ ಕರಗುವ ಮುಂಚಿನ ದಿನಗಳಲ್ಲಿ ನೀರಾವರಿ ಕಚೇರಿಗೆ ಹೊಸ ಮುಖ್ಯಸ್ಥರು ಬಂದರು. ಎಸೆನ್ ಎಂದು ಅವರ ಹೆಸರು, ಪಟ್ಟಣದವರು, ಮಾತು ಬಹಳ ನಯ. ಪ್ರಧಾನ ಇಂಜಿನಿಯರ್ ಜಾಗ ಖಾಲಿ ಇತ್ತು. ಅವರು ಬೇಗಿಮಾಯ್‌ಳನ್ನು ಆರಿಸಿದರು. ಆದರೆ ಹೊಳೆ ಏರುವ ತಿಂಗಳಲ್ಲಿ ಮೇಲಿನ ಅಣೆಕಟ್ಟಿನ ಬಳಿ ಗಂಡಸರ ಜೊತೆ ಉಳಿಯಬೇಕಾದ ಕೆಲಸ. ಮದುವೆಯಾದ ಹೆಣ್ಣುಮಗಳು, ಮೊದಲು ನಿಮ್ಮ ಮನೆಯವರನ್ನು ನಾನೇ ಕೇಳುತ್ತೇನೆ ಎಂದು ಅವಳಿಗೆ ಹೇಳಿ, ಮನೆಗೆ ಫೋನು ಮಾಡಿದರು. ಎತ್ತಿಕೊಂಡದ್ದು ಕಲಿಪಾ.

ಎಸೆನ್ ತುಂಬ ಗೌರವದಿಂದ ಮಾತಾಡಿದರು. ನಿಮ್ಮ ಮನೆಯ ಇಂಜಿನಿಯರ್ ಅವರನ್ನು ನಮ್ಮ ಕಚೇರಿಗೆ ಪ್ರಧಾನರನ್ನಾಗಿ ಕರೆಸಿಕೊಳ್ಳಬೇಕೆಂದಿದ್ದೇವೆ, ಅವರಂಥವರು ಈ ಜಿಲ್ಲೆಯಲ್ಲೇ ಇಲ್ಲ, ಮನೆಯವರ ಒಪ್ಪಿಗೆ ಬೇಕು, ಬರುವ ಭಾನುವಾರ ಬರುತ್ತೇವೆ ಎಂದರು. ನಯವಂತರ ಮಾತಿನಲ್ಲಿ ಅವನೂ ಇಲ್ಲ, ಅವಳೂ ಇಲ್ಲ, ಬರೀ ಅವರು. ಕಲಿಪಾ ಫೋನು ಇಟ್ಟವರೇ ಗಂಡನ ಕೋಟು ಹುಡುಕಿ ತೆಗೆದರು.

ಸಂಜೆ ಊಟಕ್ಕೆ ಎಲ್ಲರೂ ಸೇರಿದಾಗ ಅವರು ಸುದ್ದಿ ಬಿಚ್ಚಿದರು. ಗಂಡನ ಹೆಸರನ್ನು ಅವರೂ ಎಂದೂ ಹೇಳಿದವರಲ್ಲ. ಇವರನ್ನ ಕಚೇರಿಗೆ ಕರೀತಿದ್ದಾರೆ, ಪ್ರಧಾನ ಮಾಡ್ತಾರಂತೆ, ಅದಕ್ಕೆ ನನ್ನ ಒಪ್ಪಿಗೆ ಬೇಕಂತೆ ಎಂದರು. ಮದುವೆಯಾದಾಗಲೂ ಯಾರೂ ನನ್ನ ಒಪ್ಪಿಗೆ ಕೇಳಿರಲಿಲ್ಲ ಎಂದು ಸೇರಿಸಿದರು.

ಇಂಜಿನಿಯರ್‌ಬೆಕ್ ಚಮಚ ಕೆಳಗಿಟ್ಟರು. ಹೋದ ವರ್ಷ ಅದೇ ಕಚೇರಿಗೆ ಹೋಗಿ, ನಿಮ್ಮ ಕಾಲುವೆಯ ಬಾಗಿಲು ಕಿರುಗುಟ್ಟುತ್ತದೆ, ಎಣ್ಣೆ ಹಾಕಿ ಎಂದು ಗದರಿ ಬಂದಿದ್ದರು. ಅದು ಯಾರದೋ ಮನಸ್ಸಿಗೆ ನಾಟಿರಬೇಕು ಎಂದು ಅವರಿಗೆ ಅನಿಸಿತು. "ತಡವಾಗಿಯಾದ್ರೂ ಬುದ್ಧಿ ಬಂತಲ್ಲ," ಎಂದರು, ಕಚೇರಿಯ ಕುರಿತು.

ಬೇಗಿಮಾಯ್‌ಗೆ ಫೋನು ಯಾರ ಕುರಿತು ಎಂದು ಗೊತ್ತಿತ್ತು. ಪಾತ್ರೆ ತೊಳೆಯುವಾಗ ಅತ್ತೆಯ ಪಕ್ಕ ಕುಳಿತು ಪ್ರಯತ್ನಿಸಿದಳು. ನಮ್ಮಲ್ಲಿ ಸೊಸೆ ಅತ್ತೆಯನ್ನು ಅಪಾ, ಮಾವನನ್ನು ಆತಾ ಎನ್ನುತ್ತಾಳೆ, ಅಂದರೆ ಅಮ್ಮ, ಅಪ್ಪ.

"ಅಪಾ, ಅವ್ರು ಬರ್ತಿರೋದು ಅಳತೆಯವರನ್ನ ಕೇಳೋಕೆ."

"ಹೌದಮ್ಮ. ಅದನ್ನೇ ಅಲ್ವಾ ನಾನು ಹೇಳಿದ್ದು."

"ಆ ಅಳತೆಯವರಲ್ಲ, ಅಪಾ. ಕಚೇರಿ ಅಳತೆಯವರು."

"ಕಚೇರಿಗೇ ಅಲ್ವಾ ಇವರನ್ನ ಕರೀತಿರೋದು? ನಿಂಗೇನಾಗಿದೆ, ಜ್ವರವಾ?"

ಯಾವ ಮಾತು ಹಿಡಿದು ಹೊರಟರೂ ಅದು ಮಾವನ ಕಾಲಬಳಿಗೇ ಹೋಗಿ ನಿಲ್ಲುತ್ತಿತ್ತು. ಅಳತೆಯವರು ನಾನೇ ಎನ್ನಬಹುದಿತ್ತು. ಆದರೆ ಆ ಮನೆಯಲ್ಲಿ ಅದರ ಅರ್ಥ, ನಿಮ್ಮ ಗಂಡ ನಾನೇ ಎಂದು. ಕರೆದದ್ದು ಮಾವನನ್ನಲ್ಲ, ನನ್ನನ್ನು ಎನ್ನುವುದಂತೂ ಸೊಸೆಯಾದವಳು ಆಡುವ ಮಾತೇ ಅಲ್ಲ.

ಅವಳು ರಿಸ್‌ಬೆಕ್‌ಗೆ ಹೇಳಿದಳು. ಮಗನ ಬಾಯಿಗೆ ಆ ಕಟ್ಟಿಲ್ಲ. ಅವನು ಮೊದಲು ನಕ್ಕ, ಆಮೇಲೆ ಅಂಗಳದಲ್ಲಿ ಅಪ್ಪ ಕೋಟಿಗೆ ಬ್ರಷ್ ಹಾಕುತ್ತಿರುವುದನ್ನು ನೋಡಿ ನಗು ನಿಲ್ಲಿಸಿದ. ನಾಳೆ ಹೇಳುತ್ತೇನೆ ಎಂದ. ಮರುದಿನ ಲಾರಿಗಳು ಬಹಳ ಇದ್ದವು. ಅದರ ಮರುದಿನ ಕುರಿ ತಂದು ಕಟ್ಟಿಯಾಗಿತ್ತು, ಪಕ್ಕದ ಮನೆಯ ಚೊರೊ ಸಹಿತ ಅರ್ಧ ಬೀದಿಗೆ ಕರೆ ಹೋಗಿತ್ತು. ಈಗ ಹೇಳಿದರೆ ಕುರಿಗೆ ಏನು ಉತ್ತರ ಕೊಡುವುದು ಎಂದು ರಿಸ್‌ಬೆಕ್ ಕೇಳಿದ.

ಭಾನುವಾರ ಎಸೆನ್ ಇಬ್ಬರು ಸಹೋದ್ಯೋಗಿಗಳೊಂದಿಗೆ ಬಂದರು. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಅವರನ್ನು ಕೂರಿಸಿದರು. ಪಕ್ಕದಲ್ಲಿ ಇಂಜಿನಿಯರ್‌ಬೆಕ್, ತಲೆಗೆ ಒಗೆದ ಬಿಳಿ ಕಲ್ಪಾಕ್ ಟೋಪಿ. ಬಾಗಿಲ ಬಳಿ, ನಲ್ಲಿಯಿರುವ ಹಂಡೆಯಂಥ ಸಮೋವಾರ್ ಮುಂದೆ ಬೇಗಿಮಾಯ್, ಎಲ್ಲರ ಬಟ್ಟಲಿಗೂ ಚಹಾ ಹಾಕುತ್ತ. ಮುಖ್ಯಸ್ಥರು ಅವಳತ್ತ ತಲೆಯಾಡಿಸಿದರು, ಸೊಸೆಯಾದವಳು ಚಹಾ ಹಾಕುವುದು ಸಹಜ ಎಂದು ಸುಮ್ಮನಾದರು.

ಇಂಜಿನಿಯರ್‌ಬೆಕ್ ಕಾಲುವೆಯ ಬಗ್ಗೆ ಮಾತಾಡಿದರು. ಬಹಳ ಮಾತಾಡಿದರು. ಎಸೆನ್ ನಯದಿಂದ ಕೇಳಿದರು. ಗೌರವದ ಸರದಿಯಂತೆ ಬೇಯಿಸಿದ ಕುರಿಯ ತಲೆಯನ್ನು ಅತಿಥಿಯ ಮುಂದಿಟ್ಟರು, ಸೊಂಟದ ಮೂಳೆ ಇಂಜಿನಿಯರ್‌ಬೆಕ್‌ಗೆ, ತೊಡೆಯದು ಚೊರೊಗೆ. ಕೈ ತೊಳೆದಾದ ಮೇಲೆ ಎಸೆನ್ ಗಂಟಲು ಸರಿಮಾಡಿಕೊಂಡು, ಬಂದ ವಿಷಯ ತಮಗೆ ಗೊತ್ತೇ ಇದೆ, ತಮ್ಮ ಮನೆಯ ಇಂಜಿನಿಯರ್ ಅವರ ಕುರಿತು ತಮ್ಮ ಅಭಿಪ್ರಾಯ ತಿಳಿಯಬೇಕಿತ್ತು ಎಂದರು.

ಇಂಜಿನಿಯರ್‌ಬೆಕ್ ಎದೆಯ ಮೇಲೆ ಕೈಯಿಟ್ಟರು. ವಯಸ್ಸಾಯಿತು, ಮೊಣಕಾಲು ಮೊದಲಿನ ಹಾಗಿಲ್ಲ, ಆದರೂ ಜಿಲ್ಲೆ ಕರೆದರೆ ಇಲ್ಲ ಎನ್ನುವ ವಂಶ ನಮ್ಮದಲ್ಲ ಎಂದರು. ಒಪ್ಪಿದ್ದೇನೆ ಎಂದರು.

"ದೊಡ್ಡ ಮನಸ್ಸು," ಎಂದರು ಎಸೆನ್. ವಯಸ್ಸು ಮೊಣಕಾಲುಗಳ ಮಾತು ಅವರಿಗೆ ಅರ್ಥವಾಗಲಿಲ್ಲ, ಹಿರಿಯರ ರೀತಿ ಎಂದುಕೊಂಡರು. "ಹಾಗಾದ್ರೆ ಇಂಜಿನಿಯರ್ ಅವರನ್ನೂ ಇಲ್ಲಿಗೇ ಕರೆಯೋಣ. ಅವರ ಮುಂದೇನೇ ಆಗಲಿ."

"ಕರೆಯೋದೇನು, ಕೂತಿದ್ದೀನಲ್ಲ."

ಎಸೆನ್ ಅವರನ್ನು ನೋಡಿದರು. ಆಮೇಲೆ ಸಮೋವಾರಿನ ಕಡೆ ನೋಡಿದರು. "ಬೇಗಿಮಾಯ್, ನೀವು ಮನೇಲಿ ಏನೂ ಹೇಳಲಿಲ್ವಾ?"

ಬೇಗಿಮಾಯ್‌ಳ ಕೈ ನಲ್ಲಿಯ ಮೇಲೇ ಇತ್ತು, ನಿಲ್ಲಿಸುವುದನ್ನು ಮರೆತಳು. ನಮ್ಮಲ್ಲಿ ಚಹಾ ಬಟ್ಟಲಿಗೆ ಅರ್ಧ ಮಾತ್ರ ಹಾಕುತ್ತಾರೆ. ಕಂಠಮಟ್ಟ ತುಂಬಿಸಿದರೆ, ಎದ್ದು ಹೊರಡಿ ಎಂದು ಅರ್ಥ. ಮುಖ್ಯಸ್ಥರ ಬಟ್ಟಲು ತುಂಬಿ ತಟ್ಟೆಗೂ ಹರಿಯಿತು.

"ಏಳ್ರಪ್ಪ, ಸೊಸೆ ಹೇಳಿಯಾಯ್ತು," ಎಂದ ಚೊರೊ. ಅವನೊಬ್ಬನೇ ನಕ್ಕ.

ಎಸೆನ್ ನಿಧಾನವಾಗಿ, ಒಂದೊಂದು ಮಾತನ್ನೂ ಒರೆಸಿ ಇಟ್ಟಂತೆ, ವಿಷಯ ಬಿಡಿಸಿ ಹೇಳಿದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಇಂಜಿನಿಯರ್‌ಬೆಕ್ ಎಲ್ಲರ ಕಣ್ಣಿಗೂ ಬರೀ ಮುದುಕರಾಗಿದ್ದರು. ತಾವು ಒಪ್ಪಿದಿರಲ್ಲ, ಅದು ಸಾಕಲ್ಲವೇ ಎಂದು ಎಸೆನ್ ಗಂಟು ಬಿಡಿಸಲು ನೋಡಿದರು. ಅದು ಬೇರೆ ಒಪ್ಪಿಗೆ ಎಂದರು ಕಲಿಪಾ. ಸರಿ, ಶುಕ್ರವಾರದವರೆಗೆ ಕಾಯುತ್ತೇನೆ, ಹಿರಿಯರ ಮಾತು ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮುಖ್ಯಸ್ಥರು ಎದ್ದರು. ಇಂಜಿನಿಯರ್‌ಬೆಕ್ ರಿವಾಜು ಮರೆಯದೆ ಅವರ ಕಾರಿನವರೆಗೂ ಹೋಗಿ, ಬಾಗಿಲು ಹಾಕಿ, ಒಳಗೆ ಬಾರದೆ ಕೊಟ್ಟಿಗೆಗೆ ಹೋದರು.

ಅಡುಗೆಮನೆಯಲ್ಲಿ ಕಲಿಪಾ ಬಾಣಲೆ ಕುಕ್ಕಿದರು.

"ನಿಂಗೆ ಮೊದಲೇ ಗೊತ್ತಿತ್ತು. ಒಂದು ವಾರ ಬಾಯಿಬಿಡದೆ ಆ ಮನುಷ್ಯನ ಕಲ್ಪಾಕ್ ಒಗೆದುಕೊಟ್ಟೆ."

"ಹೇಳೋಕೆ ನೋಡ್ದೆ, ಅಪಾ."

"ಏನು ನೋಡ್ದೆ? ಬಾಯಿಬಿಟ್ಟು ಹೇಳಬೇಕಿತ್ತು."

"ಯಾವ ಮಾತಲ್ಲಿ ಹೇಳಬೇಕಿತ್ತು? ನೀವೇ ಹೇಳಿಕೊಡಿ. ನಾನು ಏನು ಓದಿದೆ, ಏನು ಕೆಲಸ ಮಾಡ್ತೀನಿ, ಈಗ ಹೇಳಿ. ನಿಮ್ಮ ಬಾಯಿಂದಾದ್ರೂ ಹೇಳಿ."

ಕಲಿಪಾ ಬಾಯಿ ತೆರೆದರು. ಅದೇ ಮಾತು ಅವರ ನಾಲಗೆಗೂ ನಿಷಿದ್ಧ. ಬಾಣಲೆ ಎತ್ತಿಕೊಂಡು ಉಜ್ಜತೊಡಗಿದರು.

ಆ ವಾರ ಮನೆಯಲ್ಲಿ ಉಳಿದ ಮಾಂಸವನ್ನೇ ಬಿಸಿ ಮಾಡಿ ತಿಂದರು. ಮಾತು ಮಾತ್ರ ತಣ್ಣಗಿತ್ತು. ಹೊರಗೆ ಬೀದಿ ಬಿಸಿಯಾಗಿತ್ತು. ಇಂಜಿನಿಯರ್ ಬೈಕೆ, ಆಫೀಸಿಗೆ ಯಾವಾಗಿನಿಂದ ಎಂದು ಒಬ್ಬ ಕೇಳಿದ. ಮಾವ ಸೊಸೆ ಒಂದೇ ಕುರ್ಚಿಯಲ್ಲಿ ಕೂರ್ತೀರಾ ಎಂದು ಇನ್ನೊಬ್ಬ. ಹೆಸರಿಗೆ ಮಾತ್ರ ಇಂಜಿನಿಯರ್ ಎಂದು ಚೊರೊ ಬೇಲಿಯ ಮೇಲೆ ಒರಗಿ ಯಾರಿಗೋ ಹೇಳುತ್ತಿದ್ದ. ಆದರೂ ಬುಧವಾರ ತನ್ನ ಮನೆಯ ಹೊಗೆಗೂಡಿನಲ್ಲಿ ಮಸಿ ಕಟ್ಟಿಕೊಂಡಾಗ ಅವನು ಬಂದದ್ದು ಅವರ ಹತ್ತಿರವೇ. ಸೊಸೆಯನ್ನು ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ, ಬೀದಿಯಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ. ಇಂಜಿನಿಯರ್‌ಬೆಕ್ ಗಡ್ಡ ನೀವಿಕೊಳ್ಳಲಿಲ್ಲ. ನನಗೆ ಗೊತ್ತಿಲ್ಲ ಎಂದರು. ಚೊರೊ ಗಾಬರಿಯಾಗಿ, ಅವರಿಗೆ ಹುಷಾರಿಲ್ಲವೆಂದು ಕಲಿಪಾಗೆ ಹೇಳಿ ಹೋದ.

ಕಲಿಪಾ ಚಹಾದ ಗೂಡಿನ ಮಾತನ್ನು ಮತ್ತೆ ತೆಗೆದರು. ಹಲಗೆ ಕೂಡ ನೋಡಿಟ್ಟಿದ್ದರು. ಶುಕ್ರವಾರ ಕಳೆಯಲಿ, ಕಚೇರಿಯವರು ಬೇರೆಯವರನ್ನು ಹುಡುಕಿಕೊಳ್ಳಲಿ, ಮನೆಯ ಮರ್ಯಾದೆ ಅಲ್ಲಿಗೆ ಮುಚ್ಚಿಹೋಗಲಿ ಎಂಬುದು ಅವರ ತೀರ್ಮಾನ. ರಿಸ್‌ಬೆಕ್ ಎಣ್ಣೆಗೈ ಒರೆಸಿಕೊಳ್ಳುತ್ತ ಹೆಂಡತಿಯನ್ನು ಕೇಳಿದ.

"ನಿಂಗೆ ಆ ಕೆಲಸ ಬೇಕಾ?"

"ಬೇಕು."

"ಹಾಗಾದ್ರೆ ಅಪ್ಪನ್ನ ಕೇಳು."

"ನೀನು ಕೇಳು. ನಿನ್ನ ಬಾಯಿಗೇನು ಬೀಗ ಹಾಕಿಲ್ಲವಲ್ಲ."

ಬೀಗವಿಲ್ಲದ ಬಾಯಿಯಿಂದ ಆ ದಿನವೂ ಏನೂ ಹೊರಡಲಿಲ್ಲ. ಜಿಬೆಕ್ ಮಾತ್ರ ಊಟಕ್ಕೆ ಕೂತಾಗ, ಹಲ್ಲಿನ ಡಾಕ್ಟರಿಗೆ ಎಷ್ಟು ಅನುಕೂಲ, ಆ ಹೆಸರು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದಳು. ಅಮ್ಮ ಚಮಚದಿಂದ ಅವಳ ಕೈಗೆ ಬಡಿದರು.

ಗುರುವಾರ ಮಧ್ಯಾಹ್ನ ಬೇಗಿಮಾಯ್ ಕೊಟ್ಟಿಗೆಗೆ ಚಹಾ ತೆಗೆದುಕೊಂಡು ಹೋದಳು. ಮಾವ ಹಳೆಯ ಜೀನಿನ ಪಟ್ಟಿ ಹೊಲಿಯುತ್ತಿದ್ದರು. ಬಾಗಿ ವಂದಿಸಿ ಬಟ್ಟಲಿಟ್ಟಳು. ಹೊರಡುವಾಗ ಅವರು ಸೂಜಿಯಿಂದ ಕಣ್ಣೆತ್ತದೆ ಕೇಳಿದರು.

"ಆ ಕೆಲಸದಲ್ಲಿ ಏನು ಮಾಡ್ತಾರೆ?"

ಬೇಗಿಮಾಯ್ ನಿಂತಳು. ಮೇಲೆ ಹಿಮ ಕರಗಿದಾಗ ಯಾವ ಬಾಗಿಲು ಎಷ್ಟು ಎತ್ತಬೇಕು ಎಂದು ಹೇಳುವ ಕೆಲಸ ಎಂದಳು. ಹೆಚ್ಚು ಎತ್ತಿದರೆ ಕೆಳಗಿನ ಊರಿನ ಮನೆಗಳಿಗೆ ನೀರು ನುಗ್ಗುತ್ತದೆ. ಕಡಿಮೆ ಎತ್ತಿದರೆ ಅಣೆಕಟ್ಟಿನ ಮೇಲೆ ಭಾರ, ನಮ್ಮ ಆಲೂಗಡ್ಡೆಗೂ ನೀರಿಲ್ಲ.

"ತಪ್ಪಿದ್ರೆ?"

"ಎಲ್ರೂ ಬೈತಾರೆ, ಆತಾ. ಜೈಲೂ ಆಗಬಹುದು."

"ತಪ್ಪದೆ ಹೋದ್ರೆ?"

"ತಪ್ಪದೆ ಹೋದ್ರೆ ಅಲ್ಲೊಬ್ಬರಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ."

ಅವರು ದಾರ ಕಚ್ಚಿ ತುಂಡು ಮಾಡಿದರು. "ಅಧ್ಯಕ್ಷರು ಕುದುರೆ ಲಗಾಮು ಹಿಡಿದಿದ್ದನ್ನ ನಮ್ಮಪ್ಪ ನೋಡಿದ," ಎಂದರು. "ಆ ಮನುಷ್ಯ ಕುದುರೆ ಇಳಿದು ಏನು ಮಾಡ್ದ ಅಂತ ನೋಡ್ಲಿಲ್ಲ." ಅಷ್ಟು ಹೇಳಿ ಇನ್ನೊಂದು ಪಟ್ಟಿ ಕೈಗೆತ್ತಿಕೊಂಡರು. ಅದು ಒಪ್ಪಿಗೆಯೋ ಅಲ್ಲವೋ ಬೇಗಿಮಾಯ್‌ಗೆ ತಿಳಿಯಲಿಲ್ಲ. ಕೇಳುವ ಪದ್ಧತಿಯಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಅಣೆಕಟ್ಟಿನ ಕಡೆ ಕೆಲಸಕ್ಕೆ ಹೋದಳು. ಕಲಿಪಾ ರಿಸ್‌ಬೆಕ್‌ನನ್ನು ಕರೆದುಕೊಂಡು ಗೂಡಿಗೆ ಹಲಗೆ ತರಲು ಹೋದರು. ಇಂಜಿನಿಯರ್‌ಬೆಕ್ ಕೋಟು ಹಾಕಿಕೊಂಡು, ಸಂತೆಗೆ ಹೋಗಿ ಉಪ್ಪು ತರುತ್ತೇನೆ ಎಂದು ಜಿಬೆಕ್‌ಗೆ ಹೇಳಿ ಹೊರಟರು. ಮನೆಯಲ್ಲಿ ಉಪ್ಪು ಬೇಕಾದಷ್ಟಿತ್ತು. ಮಿನಿಬಸ್ಸು ಸಂತೆ ದಾಟಿತು, ಅವರು ಇಳಿಯಲಿಲ್ಲ.

ನೀರಾವರಿ ಕಚೇರಿಯ ಗೇಟಿನಲ್ಲಿ ಕಾವಲುಗಾರ ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಮುಖ್ಯಸ್ಥರನ್ನು ನೋಡಬೇಕು ಎಂದರು. ಮೀಟಿಂಗಿನಲ್ಲಿದ್ದಾರೆ, ಯಾರು ಬಂದಿದ್ದಾರೆ ಎಂದು ಹೇಳಲಿ ಎಂದ ಅವನು. ಹುಟ್ಟಿದಾಗಿನಿಂದ ಈ ಪ್ರಶ್ನೆಗೆ ಅವರದು ಒಂದೇ ಉತ್ತರ. ಅದೇ ಬಾಯಿಗೆ ಬಂತು.

"ಇಂಜಿನಿಯರ್."

ಕಾವಲುಗಾರ ಸಿಪ್ಪೆ ಉಗಿದು, ಕೋಟು ಕಲ್ಪಾಕು ನೋಡಿ, ಎದ್ದು ನಿಂತ. ಇಂಥ ವಯಸ್ಸಿನವರನ್ನು ಪಟ್ಟಣದಿಂದ ತಪಾಸಣೆಗೆ ಕಳಿಸುವುದುಂಟು. ಕುರ್ಚಿಯನ್ನು ಅಂಗೈಯಿಂದ ಒರೆಸಿ ಮುಂದಿಟ್ಟ.

"ತಾವು ಇಂಜಿನಿಯರಾ, ಬೈಕೆ?"

ಇಂಜಿನಿಯರ್‌ಬೆಕ್ ಕುರ್ಚಿಯನ್ನು ನೋಡಿದರು, ಕೂರಲಿಲ್ಲ.

"ಅಲ್ಲ," ಎಂದರು. "ನಾನು ಬೇಗಿಮಾಯ್ ಮಾವ. ಸೋಮವಾರದಿಂದ ಅವಳೇ ನಿಮ್ಮ ಪ್ರಧಾನ ಇಂಜಿನಿಯರ್ ಅಂತ ಒಳಗೆ ಹೇಳು. ಅವಳ ಬಾಯಲ್ಲಿ ಆ ಮಾತು ಬರಲ್ಲ, ಅದಕ್ಕೇ ನಾನೇ ಬಂದೆ."